ಹಗ್ಗ ಎಷ್ಟುದ್ದ ಅದ?

ಶರಣಸಿರಸಗಿಯ ಒಂದು ಮನೆಕಟ್ಟೆ. ತೊಗರಿ ರಾಶಿ ಮುಗಿದು ವಾರವಾಗಿದೆ. ಮೊಮ್ಮಗ ಶರಣುಗೆ ಬೆಂಗಳೂರಿನ ಕಂಪನಿಯೊಂದರಿಂದ ನೌಕರಿ ಪತ್ರ ಬಂದಿದೆ. ಇಪ್ಪತ್ತೆರಡು ಪುಟ, ಅವನು ಓದಿದ್ದು ಸಂಬಳದ ಪುಟವೊಂದನ್ನೇ. ಕಲಬುರಗಿ ಹೈಕೋರ್ಟ್ ಪೀಠದಲ್ಲಿ ವಕೀಲರೊಬ್ಬರ ಗುಮಾಸ್ತನಾಗಿರುವ ಸೋದರಮಾವ ಛಾ ಕುಡಿಯಲು ಬಂದವರು ಕನ್ನಡಕ ಏರಿಸಿದ್ದಾರೆ.

ಶರಣು: ಓದೋದೇನದ ರಿ ಮಾಮಾ? ಕೆಳಗ ಬೆರಳು ಒತ್ತಿದ್ರ ಮುಗೀತು. ರಾತ್ರಿ ಹನ್ನೆರಡರ ತನಕ ಅಷ್ಟ ಟೈಮ್ ಅದ.

ಮುತ್ಯಾ: ಹಿಂಗ ಬೆರಳು ಒತ್ತೇ ನಮ್ಮಪ್ಪ ಮೂರು ಎಕರೆ ಕಳಕೊಂಡ. ಅವಾಗ ಮಸಿ ಆದ್ರೂ ಹತ್ತತಿತ್ತು.

ಮಾಮಾ: ಹದಿನಾಲ್ಕನೇ ಪುಟ. ಎರಡು ವರ್ಷದೊಳಗ ಬಿಟ್ರ ಮೂರು ಲಕ್ಷ ಕಟ್ಟಬೇಕು.

ಆಯಿ: ದುಡಿಯಾಂವನೂ ಇಂವ, ರೊಕ್ಕ ಕೊಡಾಂವನೂ ಇಂವ?

ಶರಣು: ಬಾಂಡ್ ಅಂತಾರ ಆಯಿ. ಕೋರ್ಟಿನಾಗ ನಿಲ್ಲಂಗಿಲ್ಲ ಅಂತ ನಮ್ಮ ದೋಸ್ತ ಹೇಳ್ಯಾನ.

ಮಾಮಾ: ನಿನ್ನ ದೋಸ್ತ ಯಾವ ಕೋರ್ಟಿನ ಜಡ್ಜಪ್ಪ? 1931ರಾಗ ಮಂಗಳೂರಾಗ ಹುಟ್ಟಿದ ವಿಜಯಾ ಬ್ಯಾಂಕ್ ಇತ್ತಲ್ಲ, ಮೂರು ವರ್ಷ ಇರಬೇಕು, ಇಲ್ಲಾಂದ್ರ ಎರಡು ಲಕ್ಷ ಅಂತ ಬರಿಸ್ಕೊಂಡಿತ್ತು. ಒಬ್ಬ ಅಧಿಕಾರಿ 2017ರಾಗ ನಡುವ ಬಿಟ್ಟು ಬ್ಯಾರೆ ಬ್ಯಾಂಕಿಗಿ ಹೋದ. ರೊಕ್ಕ ಕಟ್ಟಿದ, ಕೇಸೂ ಹಾಕಿದ. ನಮ್ಮ ಹೈಕೋರ್ಟಿನಾಗ ಗೆದ್ದ. 2025ರ ಮೇದಾಗ ಸುಪ್ರೀಂ ಕೋರ್ಟು ಅದನ್ನ ತಿರುಗಿಸಿತು: ಬಾಂಡ್ ಸರಿ ಅದ, ರೊಕ್ಕ ಬ್ಯಾಂಕಿಂದೇ.

ಮುತ್ಯಾ: ಆ ಬ್ಯಾಂಕ್ ಈಗ ಎಲ್ಲದ?

ಮಾಮಾ: 2019ರಾಗ ಬ್ಯಾಂಕ್ ಆಫ್ ಬರೋಡಾದಾಗ ಕೂಡಿ ಹೋಯ್ತು.

ಮುತ್ಯಾ: ಆಳು ಬಿಟ್ಟು ಹೋದ್ರ ದಂಡ. ಮಾಲಕನೇ ಮನಿ ಬಿಟ್ಟು ಹೋದ್ರ ಯಾರೂ ಕೇಳಂಗಿಲ್ಲ!

(ಮಾಮಾ ಈ ಮಾತಿಗೆ ಛಾ ಕುಡಿಯುತ್ತಾರೆ. ಉತ್ತರ ಗೊತ್ತಿಲ್ಲದಾಗ ಗುಮಾಸ್ತರಿಗೆ ಬಾಯಾರಿಕೆ ಜಾಸ್ತಿ.)

ಮಾಮಾ: ಅದು ಸರಕಾರಿ ಬ್ಯಾಂಕು. ಜಾಹೀರಾತು ಕೊಟ್ಟು, ಪದ್ಧತಿ ಪ್ರಕಾರನೇ ಮಂದಿ ತಗೋಬೇಕು, ಅದರ ಖರ್ಚು ಅದಕ್ಕ. ಈ ಕಂಪನಿ ಖರ್ಚೇನು? 1872ರ ಕರಾರು ಕಾಯಿದೆ 74ನೇ ಕಲಂ ಪ್ರಕಾರ, ಬರದ ಮೊತ್ತ ಮ್ಯಾಲಿನ ಮಿತಿ ಅಷ್ಟ. ಅದರೊಳಗ ನ್ಯಾಯ ಆದಷ್ಟು ಕೊಡಸ್ತಾರ. ಅದಕ್ಕ ಈಗಲೇ ಕೇಳು: ಟ್ರೇನಿಂಗಿಗಿ ಖರೇ ಎಷ್ಟು ಹತ್ತತದ? ಒಂದೂವರೆ ವರ್ಷ ದುಡದು ಬಿಟ್ರೂ ಮೂರು ಲಕ್ಷನೇ ಏನು?

ಆಯಿ: ಮುಂದ ಓದು ತಮ್ಮಾ.

ಮಾಮಾ: ಬಿಟ್ಟ ಮ್ಯಾಲೆ ಒಂದು ವರ್ಷ ಇಡೀ ದೇಶದಾಗ ಇಂಥ ಕೆಲಸ ಮಾಡಂಗಿಲ್ಲ.

ಮುತ್ಯಾ: ಹಾಂ? ನಾನೂ ಯುಗಾದಿಂದ ಯುಗಾದಿ ತನಕ ಗೌಡರ ಮನ್ಯಾಗ ಆಳಿದ್ದೆ. ನಡುವ ಬಿಟ್ರ ಮುಂಗಡ ತಿರುಗಿ ಕೊಡಬೇಕಿತ್ತು, ಖರೆ. ಆದ್ರ ಯುಗಾದಿ ಆದ ಮ್ಯಾಲೆ ಬಾಜೂ ಹೊಲದಾಗ ಕುಂಟಿ ಹೊಡಿಬ್ಯಾಡ ಅಂತ ಯಾವ ಗೌಡನೂ ಅಂದಿಲ್ಲ. ಎತ್ತಿನ ಹಗ್ಗ ಗ್ವಾದಲಿ ತನಕ. ಎತ್ತು ಮಾರಿದ ಮ್ಯಾಲೂ ಹಗ್ಗ ಹಿಡಕೊಂಡು ಓಡ್ಯಾಡ್ತಾನೇನು?

ಮಾಮಾ: ಮುತ್ಯಾರ, ನೀವು ಅದೇ ಕಾಯಿದೆ 27ನೇ ಕಲಂ ಹೇಳಿಬಿಟ್ರಿ! ನೌಕರಿ ಇರೋ ತನಕ ಕಟ್ಟಬಹುದು ಅಂತ 1967ರಾಗೇ ಸುಪ್ರೀಂ ಕೋರ್ಟು ಹೇಳ್ಯದ. ಬಿಟ್ಟ ಮ್ಯಾಲೆ ಹೊಟ್ಟಿಪಾಡಿಗಿ ಅಡ್ಡ ಬರೋ ಕರಾರು ನಡಿಯಂಗಿಲ್ಲ. ಕಂಪನಿ ಗುಟ್ಟು ಕದ್ದು ಒಯ್ಯೋದು ಬ್ಯಾರೆ ಮಾತು.

ಶರಣು: ಹಂಗಾರ ಒತ್ತಲಿ?

ಮಾಮಾ: ತಡಿ. ಕಾಯಿದೆ ನಿನ್ನ ಕಡೆ, ರಿಲೀವಿಂಗ್ ಲೆಟರ್ ಅವರ ಕೈಯಾಗ. ಅದಿಲ್ಲದ ಮುಂದಿನವರು ಒಳಗ ಬಿಡಂಗಿಲ್ಲ. ಇನ್ನೊಂದದ: ಬಿಟ್ಟ ಮ್ಯಾಲೆ ಅಲ್ಲಿ ಇದ್ದವರನ್ನ ಯಾರನ್ನೂ ಕರ್ಕೊಂಡು ಹೋಗಂಗಿಲ್ಲ.

ಆಯಿ: ಅಲ್ಲೇ ಒಂದು ಹುಡುಗಿ ಮೆಚ್ಚಿದ್ರ?

ಮಾಮಾ: ನೌಕರಿಗಿ ರಿ ಆಯಿ, ಮನಿಗಲ್ಲ.

ಶರಣು: (ಅವಸರದಿಂದ) ಮುಂದಿನದು, ಮುಂದಿನದು!

ಮಾಮಾ: ನೌಕರಿ ಇರೋ ತನಕ ಹಗಲು ರಾತ್ರಿ ಇಂವ ಏನು ಹೊಸಾದು ಯೋಚನಿ ಮಾಡ್ತಾನ, ಎಲ್ಲಾ ಕಂಪನಿದು.

ಆಯಿ: ಅದಕ್ಕ ಸಹಿ ಮಾಡಪ್ಪ. ಇಪ್ಪತ್ತೆರಡು ವರ್ಷದಾಗ ನಾ ಅಂತೂ ಒಂದೂ ನೋಡಿಲ್ಲ.

ಮಾಮಾ: ಬ್ಯಾರೆ ಯಾವ ದಂಧೆನೂ ಮಾಡಂಗಿಲ್ಲ.

ಮುತ್ಯಾ: ತೊಗರಿ ರಾಶಿಗಿ ಬಂದ್ರ?

ಮಾಮಾ: ಅದನ್ನೂ ಕೇಳಿ ಬರಿಸ್ಕೋಬೇಕು. ‘ಮನೆತನದ ಒಕ್ಕಲುತನ ಬಿಟ್ಟು’ ಅಂತ.

ಶರಣು: (ಖುಷಿಯಿಂದ) ಇದು ಬ್ಯಾಡ ಮಾಮಾ, ಇದ್ದಂಗೇ ಇರಲಿ!

(ಮುತ್ಯಾನ ಕೈ ಬಾರುಕೋಲಿನ ಕಡೆಗೆ ಹೋಗುತ್ತದೆ.)

ಮಾಮಾ: ಕಡಿಗಿಂದು. ಬಾಂಡ್ ಮುಗಿಯೋ ತನಕ ಅಸಲಿ ಮಾರ್ಕ್ಸ್ ಕಾರ್ಡ್ ಎಲ್ಲಾ ಕಂಪನಿ ಕಪಾಟಿನಾಗ.

(ಮೌನ. ಆಯಿ ಎದ್ದು ಒಳಗೆ ಹೋಗುತ್ತಾಳೆ. ಟ್ರಂಕಿನ ಕೀಲಿ ಬೀಳುವ ಸದ್ದು. ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬರುತ್ತಾಳೆ.)

ಆಯಿ: ಬರಿ ಅವರಿಗಿ. ನಕಲು ಎಷ್ಟು ಬೇಕೋ ಅಷ್ಟು ಕೊಡ್ತೀವಿ. ಅಸಲಿ ನೋಡೋದಿದ್ರ ಶರಣಸಿರಸಗಿಗಿ ಬರಲಿ. ರೊಟ್ಟಿ ಉಂಡು, ನೋಡಿ, ಹೋಗಲಿ.

ಶರಣು: (ಮೊಬೈಲಿನಲ್ಲಿ ಬೆರಳಾಡಿಸುತ್ತ) ‘ರೊಟ್ಟಿ’ಗಿ ಇಂಗ್ಲಿಷಿನಾಗ ಏನಂತಾರ ಮಾಮಾ?