ಏಳೂ ಅರೆಕಾಲು

ಹಳೇ ಫೆಲ್ಟ್ ಟೋಪಿಯ ಹುಚ್ಚು ಹಿಡಿದವರನ್ನು ಗುರುತಿಸುವುದು ಕಷ್ಟವೇನಲ್ಲ. ಅವರು ಎದುರಿಗೆ ಬಂದವರ ಮುಖ ನೋಡುವುದಿಲ್ಲ, ಹುಬ್ಬಿನಿಂದ ಮೇಲಕ್ಕೆ ನೋಡುತ್ತಾರೆ. ಮಾತಾಡುತ್ತ ಮಾತಾಡುತ್ತ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕಿವಿಯ ಮೇಲ್ಗಡೆಯನ್ನೂ ಒಮ್ಮೆ ನೋಡಿಕೊಳ್ಳುತ್ತಾರೆ. ನೀವು ಮಗಳ ಮದುವೆಯ ಚಿಂತೆ ತೋಡಿಕೊಳ್ಳುತ್ತಿರಬಹುದು, ಮಂಡಿನೋವಿನ ಪುರಾಣ ಬಿಚ್ಚಿರಬಹುದು. ಅವರು ಗಂಭೀರವಾಗಿ ತಲೆದೂಗುತ್ತಿರುತ್ತಾರೆ. ಕೊನೆಗೆ ಸಮಾಧಾನದ ಮಾತು ಬಂದೀತು ಎಂದು ನೀವು ಕಾದರೆ ಬರುವುದು ಒಂದು ಸಂಖ್ಯೆ: "ಏಳೂ ಕಾಲು ಇರಬೇಕು ಅಲ್ವಾ ನಿಮ್ಮದು?"

ಈ ಜಾತಿಯವರು ಅಮೆರಿಕದ ತುಂಬ ಇದ್ದಾರಂತೆ. ನನ್ನ ಪಾಲಿಗೆ ಬಂದಿರುವುದು ಒಬ್ಬ. ಅವನನ್ನು ನಾನು ಆರಿಸಿಕೊಂಡದ್ದಲ್ಲ, ನನ್ನ ಹೆಂಡತಿಯ ತಂಗಿ ಆರಿಸಿಕೊಂಡದ್ದು. ಷಡ್ಡಕ ಎಂಬ ಸಂಬಂಧ ಎಂಥದ್ದೆಂದು ಅನುಭವಿಸಿದವರಿಗೆ ಹೇಳಬೇಕಾಗಿಲ್ಲ. ಅವನ ಸಂಬಳ, ಅವನ ಮನೆ ಮುಂದಿನ ಹುಲ್ಲು, ಅವನ ರಕ್ತದಲ್ಲಿನ ಸಕ್ಕರೆ, ಎಲ್ಲವನ್ನೂ ನಮ್ಮದರ ಪಕ್ಕ ಇಟ್ಟು ತೂಗುವ ಹಕ್ಕು ಹೆಂಡತಿಗೆ ತಾಳಿಯ ಜೊತೆಗೇ ಸಿಕ್ಕಿರುತ್ತದೆ. ನಾವಿರುವುದು ನ್ಯೂಜೆರ್ಸಿಯಲ್ಲಿ, ಅವರು ಕನೆಕ್ಟಿಕಟ್‌ನ ಡ್ಯಾನ್‌ಬರಿಯಲ್ಲಿ. ಹಬ್ಬಕ್ಕೆ, ಪೂಜೆಗೆ, ಹುಟ್ಟುಹಬ್ಬಕ್ಕೆ ನಾವು ಅಲ್ಲಿಗೆ ಹೋಗುತ್ತೇವೆ. ಹೋದಾಗಲೆಲ್ಲ ನಾನು ಬೂಟು ಬಿಚ್ಚುವುದರೊಳಗೆ ಒಳಗಿನಿಂದ ದನಿ ಬರುತ್ತದೆ: "ಭಾವ ಬಂದ್ರಾ? ಒಂದ್ನಿಮಿಷ ತಲೆ ಕೊಡಿ."

ಅವನಿಗೆ ನನ್ನ ತಲೆಯ ಮೇಲೆ ಯಾಕಿಷ್ಟು ಪ್ರೀತಿ ಎಂದರೆ, ಅವನ ತಲೆ ಅವನಿಗೆ ಕೈಕೊಟ್ಟಿದೆ. ಅದರ ಅಳತೆ ಏಳೂ ಮುಕ್ಕಾಲು, ಸೆಂಟಿಮೀಟರಿನಲ್ಲಿ 62. ಹರಾಜಿಗೆ ಬರುವ ಹಳೇ ಟೋಪಿಗಳಲ್ಲಿ ಹೆಚ್ಚಿನವು ಏಳರ ಆಸುಪಾಸಿನವು. ದೊಡ್ಡ ಅಳತೆಯವು ಅಪರೂಪ. ಬಂದರೂ ಅವನಂಥ ದೊಡ್ಡ ತಲೆಯವರೆಲ್ಲ ಮುಗಿಬಿದ್ದು ಬೆಲೆಯನ್ನು ಮುಗಿಲಿಗೇರಿಸುತ್ತಾರೆ. ಹೀಗಾಗಿ ಅವನ ಗ್ಯಾರೇಜಿನಲ್ಲಿ ಗೋಡೆ ಮುಚ್ಚುವಷ್ಟು ಟೋಪಿಗಳಿವೆ, ಒಂದೂ ಅವನಿಗೆ ಆಗುವುದಿಲ್ಲ. ಹಾಕಿಕೊಂಡರೆ ನೆತ್ತಿಯ ಮೇಲೆ ಕೂತಿರುತ್ತದೆ, ಕೆಳಗಿಳಿಯುವುದಿಲ್ಲ. ನನ್ನದೋ ಏಳೂ ಅರೆಕಾಲು, ಸರಿಯಾಗಿ 57 ಸೆಂಟಿಮೀಟರು. ಆಕಾರವೂ ತೀರ ಉದ್ದವಲ್ಲ, ತೀರ ದುಂಡಲ್ಲ. ಟೋಪಿಯವರ ಲೆಕ್ಕದಲ್ಲಿ ಸಾಧಾರಣ ಅಂಡಾಕಾರ. ಕಾಲು ಮಗ್ಗಿ, ಅರೆಕಾಲು ಮಗ್ಗಿ ಬಾಯಿಪಾಠ ಮಾಡಿಸಿದ ನಮ್ಮ ಮೇಷ್ಟರು ನನ್ನ ತಲೆಯೊಳಗೆ ಏನೂ ಇಲ್ಲ ಎಂದು ಸಾರಿದ್ದರು. ಹೊರಗಡೆ ಇಷ್ಟು ಯೋಗ್ಯತೆ ಇದೆ ಎಂಬುದು ಅವರಿಗೂ ಹೊಳೆದಿರಲಿಲ್ಲ.

ಡ್ಯಾನ್‌ಬರಿಗೆ ಹೋಗದಿದ್ದರೆ ಅವನಿಗೆ ಈ ರೋಗ ತಗಲುತ್ತಿರಲಿಲ್ಲ ಎಂದು ನನ್ನ ನಾದಿನಿಯ ದೃಢವಾದ ನಂಬಿಕೆ. ಆ ಊರಿಗೆ ಟೋಪಿ ನಗರಿ ಎಂದೇ ಹೆಸರು. 1780ರಲ್ಲಿ ಜೇಡಕ್ ಬೆನೆಡಿಕ್ಟ್ ಎಂಬಾತ ಅಲ್ಲಿ ಮೊದಲ ಟೋಪಿ ಕಾರ್ಖಾನೆ ಹೂಡಿದ ಎನ್ನುತ್ತಾರೆ. ಆಮೇಲೆ ಒಂದೂವರೆ ಶತಮಾನ ಊರಿಗೆ ಊರೇ ಟೋಪಿ ಮಾಡಿತು. ಈಗ ಕಾರ್ಖಾನೆಗಳಿಲ್ಲ, ಆದರೆ ಹೈಸ್ಕೂಲಿನ ಆಟದ ತಂಡಗಳಿಗೆ ಇವತ್ತಿಗೂ ಹ್ಯಾಟರ್ಸ್ ಎಂದೇ ಹೆಸರು. ನನ್ನ ಷಡ್ಡಕ ಅಲ್ಲಿಗೆ ಹೋದದ್ದು ಸಾಫ್ಟ್‌ವೇರ್ ಕೆಲಸಕ್ಕೆ. ಪಕ್ಕದ ಮನೆಯ ಮುದುಕ ತೀರಿಕೊಂಡಾಗ ಅವರ ಮಕ್ಕಳು ಅಂಗಳದಲ್ಲಿ ಸಾಮಾನು ಹರವಿ ಮಾರಿದರು. ಇವನು ಏಣಿ ಕೊಳ್ಳಲು ಹೋದವನು ಡಬ್ಬಿ ಸಮೇತ ಒಂದು ಸ್ಟೆಟ್ಸನ್ ಹಿಡಿದುಕೊಂಡು ಬಂದ. ಏಣಿ ಇವತ್ತಿಗೂ ಬಂದಿಲ್ಲ. ಅವರ ಮನೆಯ ಹೊಗೆಸೂಚಕದ ಬ್ಯಾಟರಿ ಬದಲಿಸುವುದು ಕುರ್ಚಿಯ ಮೇಲೆ ನಿಂತೇ.

ಅಲ್ಲಿಂದ ಆನ್‌ಲೈನ್ ಹರಾಜಿಗೆ ಎಷ್ಟು ದೂರ? 1995ರಲ್ಲಿ ಇಬೇ ಶುರುವಾದಾಗ ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟದ್ದು ಅಂತ ಗೊತ್ತಿದೆ ತಾನೇ ಎಂದು ಕೇಳಿದರೆ, ನಾನು ಕೆಟ್ಟ ಪಾಯಿಂಟರುಗಳನ್ನೇ ಸಂಗ್ರಹಿಸುವವನು ಎಂದನಂತೆ ಕೊಂಡವನು. ಈ ಕತೆಯನ್ನು ನನ್ನ ಷಡ್ಡಕ ಶಾಸ್ತ್ರಾಧಾರದಂತೆ ಆಗಾಗ ಹೇಳುತ್ತಾನೆ. ಅವನು ಬೆಲೆ ಕೂಗುವುದು ಹರಾಜು ಮುಗಿಯಲು ಕೆಲವೇ ಸೆಕೆಂಡು ಇದ್ದಾಗ. ಮೊದಲೇ ಕೂಗಿದರೆ ಎದುರಾಳಿಗೆ ಯೋಚಿಸಲು ಪುರಸೊತ್ತು ಸಿಗುತ್ತದೆ. ಆ ಗಳಿಗೆಯಲ್ಲಿ ಮನೆಯಲ್ಲಿ ಯಾರೂ ಮಿಕ್ಸಿ ಹಾಕಬಾರದು, ಸೀನಬಾರದು. ಗೆದ್ದರೆ ಮುಖದಲ್ಲಿ ಪಶ್ಚಾತ್ತಾಪ, ಸೋತರೆ ಮುಖದಲ್ಲಿ ಸೂತಕ. ನಾನಂತೂ ಸೋಲಲಿ ಎಂದೇ ಹರಸುತ್ತೇನೆ. ಗೆದ್ದರೆ ಅದು ಬಂದು ಕೂರುವುದು ನನ್ನ ತಲೆಯ ಮೇಲೆ.

ಟೋಪಿ ಬಂದಮೇಲೆ ರಿಪೇರಿ. ಮೊದಲು ನುಸಿ. ಫೆಲ್ಟನ್ನು ನೇಯ್ದಿರುವುದಿಲ್ಲ, ಹೆಣೆದಿರುವುದಿಲ್ಲ. ಮೊಲ, ಬೀವರ್‌ಗಳ ಒಳತುಪ್ಪಳಕ್ಕೆ ಬಿಸಿನೀರು, ಒತ್ತಡ ಕೊಟ್ಟು ಎಳೆ ಎಳೆ ಕಚ್ಚಿಕೊಳ್ಳುವಂತೆ ಮಾಡಿರುತ್ತಾರೆ. ಬಟ್ಟೆನುಸಿಯ ಮರಿಗಳಿಗೆ ಅದು ಮೃಷ್ಟಾನ್ನ. ಮೊಟ್ಟೆಗಳೇನಾದರೂ ಉಳಿದಿದ್ದರೆ ಸಾಯಲಿ ಎಂದು ಟೋಪಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಡೀಪ್ ಫ್ರೀಜರಿನಲ್ಲಿ ಇಡುತ್ತಾನೆ. ಒಮ್ಮೆ ನನ್ನ ಹೆಂಡತಿ ಹುಳಿಗೆ ತೆಂಗಿನ ತುರಿ ತೆಗೆಯಲು ಹೋಗಿ ಕಂದುಬಣ್ಣದ ಏನನ್ನೋ ಮುಟ್ಟಿ ಕಿರುಚಿದ ಮೇಲೆ, ಆ ಚೀಲದ ಮೇಲೆ ಟೋಪಿ ಎಂದು ದೊಡ್ಡದಾಗಿ ಬರೆಯುವ ನಿಯಮ ಬಂತು.

ಆಮೇಲೆ ಉಗಿ. ಕುಳಿ ಬಿದ್ದ ನೆತ್ತಿಯನ್ನು ಎತ್ತಿ, ಹೊಸದಾಗಿ ಮಡಿಕೆ ಕೊಟ್ಟು, ಮುಂದೆ ಎರಡು ಕಡೆ ಚಿವುಟಿದಂತೆ ಮಾಡಬೇಕಾದರೆ ಧಾರಾಳ ಉಗಿ ಬೇಕು. ಮೊದಮೊದಲು ಅವನು ಇದಕ್ಕೆ ಬಳಸಿದ್ದು ಇಡ್ಲಿ ಪಾತ್ರೆಯನ್ನು. ಅವನ ಮಗಳು ಶಾಲೆಗೆಂದು ಊರಿನ ಇತಿಹಾಸ ಬರೆಯುವವರೆಗೂ ಅದು ನಡೆಯಿತು. ತುಪ್ಪಳ ಚೆನ್ನಾಗಿ ಕಚ್ಚಿಕೊಳ್ಳಲಿ ಎಂದು ಹಿಂದೆ ಪಾದರಸದ ನೈಟ್ರೇಟ್ ಹಚ್ಚುತ್ತಿದ್ದರು, ಅದರ ಆವಿ ಕುಡಿದ ಕೆಲಸಗಾರರ ಕೈಕಾಲು ನಡುಗುತ್ತಿತ್ತು, ಅದಕ್ಕೆ ಡ್ಯಾನ್‌ಬರಿ ನಡುಕ ಎಂದೇ ಹೆಸರು ಬಿದ್ದಿತ್ತು, 1941ರ ಕೊನೆಯಲ್ಲಷ್ಟೇ ಅಮೆರಿಕದಲ್ಲಿ ಅದು ನಿಂತಿತು, ಹಳೆಯ ಟೋಪಿಗಳಲ್ಲಿ ಪಾದರಸ ಇನ್ನೂ ಉಳಿದಿರುತ್ತದೆ: ಇಷ್ಟನ್ನೂ ಹುಡುಗಿ ಊಟದ ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಓದಿದಳು. ತಟ್ಟೆಯಲ್ಲಿದ್ದದ್ದು ಇಡ್ಲಿ. ನಾದಿನಿ ಏನೂ ಮಾತಾಡಲಿಲ್ಲ. ಪಾತ್ರೆ, ಟೋಪಿ, ಗಂಡ ಮೂರನ್ನೂ ಗ್ಯಾರೇಜಿಗೆ ಸಾಗಿಸಿದಳು. ಈಗ ಬಾಗಿಲು ತೆರೆದಿಟ್ಟು, ಕೈಗೆ ಗ್ಲೌಸ್ ಹಾಕಿಕೊಂಡು ಕೆಲಸ ಮಾಡುತ್ತಾನೆ. 1941ಕ್ಕಿಂತ ಹಳೆಯದನ್ನು ಉಗಿಯ ಹತ್ತಿರ ತರುವುದಿಲ್ಲ. ನನ್ನ ತಲೆಗೆ ಅವನು ಅದಕ್ಕೂ ಮೊದಲು ಏನೇನು ಇಟ್ಟಿದ್ದನೋ, ವಿಚಾರಿಸುವ ಧೈರ್ಯ ನನಗಿಲ್ಲ.

ಟೋಪಿಯವರಲ್ಲೂ ಮಡಿವಂತರಿದ್ದಾರೆ. ಹಳೇ ಟೋಪಿಯ ಅಂಚಿಗೆ ಕತ್ತರಿ ಹಾಕಿದರೆ ಬ್ರಹ್ಮಹತ್ಯೆ ಮಾಡಿದಷ್ಟು ಪಾಪ ಅವರಿಗೆ. ಕತ್ತರಿಸಿದ ಅಂಚು ಮತ್ತೆ ಬೆಳೆಯುವುದಿಲ್ಲವಲ್ಲ! ನನ್ನ ಷಡ್ಡಕ ಈ ವಿಷಯದಲ್ಲಿ ಮಾಧ್ವರಿಗೂ ಸ್ಮಾರ್ತರಿಗೂ ನಡುವೆ ಎಲ್ಲೋ ನಿಲ್ಲುತ್ತಾನೆ. ಸೊಟ್ಟಗಾದ ಸಾಮಾನ್ಯ ಟೋಪಿಯಾದರೆ ಕತ್ತರಿಸುತ್ತಾನೆ, ಒಳ್ಳೇದನ್ನು ಮುಟ್ಟುವುದಿಲ್ಲ. ಅವನ ಅಚ್ಚುಮೆಚ್ಚಿನ ಉದ್ಯೋಗ ಹೋಂಬರ್ಗ್ ಪರಿವರ್ತನೆ. ಹೋಂಬರ್ಗ್ ಅಂದರೆ ಹಳೇ ಮಂತ್ರಿಗಳು ಹಾಕಿಕೊಳ್ಳುತ್ತಿದ್ದ, ಅಂಚು ಗಟ್ಟಿಯಾಗಿ ಮೇಲಕ್ಕೆ ಸುರುಳಿ ಸುತ್ತಿರುವ ಟೋಪಿ. ಈಗ ಅದು ಯಾರಿಗೂ ಬೇಡ, ಆದ್ದರಿಂದ ಅಗ್ಗ. ಫೆಲ್ಟು ಮಾತ್ರ ಅನೇಕ ಸಲ ಉತ್ತಮ ದರ್ಜೆಯದು. ಅದಕ್ಕೆ ಉಗಿ ಕೊಟ್ಟು, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ, ಸುರುಳಿ ಬಿಡಿಸಿ, ಮುಂದಿನ ಅಂಚನ್ನು ಕೆಳಕ್ಕೆ ಬಗ್ಗಿಸಿದರೆ ಫೆಡೋರ ತಯಾರು. ರಿಬ್ಬನ್ನಿನ ಗಂಟು ಎಡಗಡೆಗೆ ಬರಬೇಕು. ಒಳಗಿನ ಚರ್ಮದ ಬೆವರುಪಟ್ಟಿಯ ಪುಟ್ಟ ಗಂಟು ಹಿಂದಕ್ಕೆ. ನಾನು ಒಂದು ಸಲ ಹಿಂದುಮುಂದಾಗಿ ಹಾಕಿಕೊಂಡದ್ದಕ್ಕೆ ಅವನು ಊಟ ಮುಗಿಯುವವರೆಗೂ ಮಾತಾಡಲಿಲ್ಲ. ನೆತ್ತಿ ಚಿವುಟಿ ಟೋಪಿ ಎತ್ತಿದರೆ ಇನ್ನೂ ಕಷ್ಟ. "ಅಂಚು ಹಿಡೀರಿ ಭಾವ, ಅಂಚು!" ಎಂದು ಅವನು ಕೂಗುವ ಕೂಗಿಗೆ ನಾನು ಬಿಸಿ ಪಾತ್ರೆ ಮುಟ್ಟಿದೆನೇನೋ ಎಂದು ಪಕ್ಕದ ಮನೆಯವರು ಇಣುಕಬೇಕು.

ಸತ್ಯನಾರಾಯಣ ಪೂಜೆಯ ದಿನದ ಕತೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಜನವರಿ ತಿಂಗಳು, ಹೊರಗೆ ಹಿಮ. ನಾನು ಪಂಚೆ ಉಟ್ಟು, ಶಲ್ಯ ಹೊದ್ದು, ಪುರೋಹಿತರ ದಾರಿ ನೋಡುತ್ತ ಕೂತಿದ್ದೆ. ಗ್ಯಾರೇಜಿನಿಂದ ಷಡ್ಡಕ ಬಂದ, ಕೈಯಲ್ಲಿ ಬೂದುಬಣ್ಣದ ಒಂದು ಮ್ಯಾಲರಿ. ಡ್ಯಾನ್‌ಬರಿಯಲ್ಲೇ ತಯಾರಾದದ್ದು, ಯುದ್ಧದ ನಂತರದ್ದು, ಆದ್ದರಿಂದ ಪಾದರಸದ ಭಯವಿಲ್ಲ. ಬೆವರುಪಟ್ಟಿ ಒಣಗಿ ಕುಗ್ಗಿದೆ. ಉಗಿ ಹಿಡಿಸಿ ಮೆತ್ತಗೆ ಮಾಡಿದ್ದೇನೆ. ಈಗ ಒಂದು ಸರಿಯಾದ ತಲೆಯ ಮೇಲೆ ಒಣಗಿದರೆ ಆಕಾರ ನಿಲ್ಲುತ್ತದೆ ಎಂದ. ಮರದ ಅಚ್ಚು ಇಲ್ಲವೇ ಎಂದು ಕೇಳಿದೆ. "ಇದೆ ಭಾವ, ಆದರೆ ಅದಕ್ಕೆ ಜೀವ ಇಲ್ಲ," ಎಂದ. ಇದು ಹೊಗಳಿಕೆಯೋ ಅಲ್ಲವೋ ನಾನು ತೀರ್ಮಾನಿಸುವುದರೊಳಗೆ ಟೋಪಿ ನನ್ನ ತಲೆಯ ಮೇಲಿತ್ತು. ಪೂರ್ತಿ ಒಣಗುವವರೆಗೆ ತೆಗೆಯಕೂಡದು ಎಂದು ಆಜ್ಞೆ.

ಹಾಗೆ, ಹಣೆಯಲ್ಲಿ ಗಂಧ, ತಲೆಯ ಮೇಲೆ ಫೆಡೋರ, ಸೊಂಟದಲ್ಲಿ ಪಂಚೆ ಇಟ್ಟುಕೊಂಡು ನಾನೇ ಬಾಗಿಲು ತೆರೆಯಬೇಕಾಯಿತು. ಪುರೋಹಿತರು ಒಂದು ಕ್ಷಣ ತಪ್ಪು ಮನೆಗೆ ಬಂದೆನೇನೋ ಎಂಬಂತೆ ನಂಬರು ನೋಡಿಕೊಂಡರು. ಒಳಗೆ ಬಂದ ಮೇಲೆ ಸಂಕಲ್ಪಕ್ಕೆ ಕೂರುವ ಹೊತ್ತಿಗೂ ಅದು ಒಣಗಿರಲಿಲ್ಲ. ನಾದಿನಿಯ ಕಣ್ಣು ಕೆಂಪಾಗುತ್ತಿತ್ತು. ಷಡ್ಡಕ ಮೆಲ್ಲಗೆ, "ಪೇಟ ಸುತ್ತಿಕೊಂಡು ಪೂಜೆಗೆ ಕೂರಬಹುದಲ್ವಾ ಶಾಸ್ತ್ರಿಗಳೇ?" ಎಂದು ಕೇಳಿದ. ಶಾಸ್ತ್ರಿಗಳು ಉತ್ತರ ಕೊಡಲಿಲ್ಲ. ಅವರು ನನ್ನ ಟೋಪಿಯನ್ನೇ ನೋಡುತ್ತಿದ್ದರು. ನೋಡಿ ನೋಡಿ, ಕೈ ಚಾಚಿ, ಅಂಚು ಹಿಡಿದು (ಅಂಚು! ಷಡ್ಡಕನ ಮುಖ ಅರಳಿತು) ಎತ್ತಿಕೊಂಡು, ಹೊರಗಿನ ಹಿಮ ನೋಡಿ, ತಮ್ಮ ಬೋಳು ನೆತ್ತಿ ಸವರಿಕೊಂಡು, "ಇದು ನನ್ನ ಅಳತೆಗೆ ಬರತ್ತೋ?" ಎಂದರು. ಬಂತು. ಶಿಖೆ ಒಳಗೆ ಮಡಚಿಟ್ಟರೆ ಸರಿಯಾಗಿ ಬಂತು. ದಕ್ಷಿಣೆಯ ಜೊತೆಗೆ ಅದೂ ಹೋಯಿತು.

ಈಗ ಚಳಿಗಾಲದಲ್ಲಿ ಅವರು ಪೂಜೆಗೆ ಹೋದಲ್ಲೆಲ್ಲ ಆ ಟೋಪಿ ಹೋಗುತ್ತದೆಯಂತೆ. ಷಡ್ಡಕ ಎಲ್ಲರ ಮುಂದೆಯೂ ಹೇಳುತ್ತಾನೆ: "ಶಾಸ್ತ್ರಿಗಳದ್ದು ತಲೆ ಅಂದರೆ ತಲೆ." ಅಷ್ಟು ಹೊತ್ತು ಒದ್ದೆ ಫೆಲ್ಟು ಹೊತ್ತು ಶೀತ ಹಿಡಿಸಿಕೊಂಡವನು ನಾನು. ನನಗೆ ಸಿಟ್ಟು ಬಂದದ್ದು ಶೀತಕ್ಕಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಕೆನಡಿಯ ಮೇಲೆ ಅವನಿಗಿರುವ ದ್ವೇಷದ ಬಗ್ಗೆಯೂ ಬರೆಯಬಹುದು. ಬರಿತಲೆಯ ಆ ಚೆಲುವನಿಂದಲೇ ಅಮೆರಿಕದ ಗಂಡಸರು ಟೋಪಿ ಬಿಟ್ಟರು ಎಂಬ ಜನಪ್ರಿಯ ಆರೋಪ ಇವನ ಬಾಯಲ್ಲೂ ಇದೆ. 1961ರ ಜನವರಿ 20ರಂದು ಪ್ರಮಾಣವಚನಕ್ಕೆ ಹೋದಾಗ ಕೆನಡಿ ರೇಷ್ಮೆಯ ಎತ್ತರದ ಟೋಪಿ ಹಾಕಿಕೊಂಡಿದ್ದ ಫೋಟೊ ತೋರಿಸಿದೆ. "ಭಾಷಣ ಮಾಡುವಾಗ ತೆಗೆದನಲ್ಲ!" ಎಂದ. ವಾದದಲ್ಲಿ ಷಡ್ಡಕನನ್ನು ಗೆದ್ದವರುಂಟೇ.

ಇಷ್ಟಕ್ಕೂ ಅವನಿಗೆ ಫೆಲ್ಟ್ ಟೋಪಿಯ ಮೊದಲ ದರ್ಶನ ಆದದ್ದು ಡ್ಯಾನ್‌ಬರಿಯಲ್ಲಲ್ಲ, ಹಾಸನ ಸೀಮೆಯ ಒಂದು ಪ್ರೈಮರಿ ಶಾಲೆಯಲ್ಲಿ. ಗೋಡೆಯ ಮೇಲೆ ಭಗತ್ ಸಿಂಗ್ ಇದ್ದ. ಅಸೆಂಬ್ಲಿಯಲ್ಲಿ ಬಾಂಬು ಎಸೆಯುವುದಕ್ಕೆ ಸ್ವಲ್ಪ ಮುಂಚೆ, 1929ರಲ್ಲಿ, ದೆಹಲಿಯ ಸ್ಟುಡಿಯೋದಲ್ಲಿ ತೆಗೆಸಿಕೊಂಡ ಆ ಫೋಟೊವನ್ನು ನಾವೆಲ್ಲರೂ ಕ್ಯಾಲೆಂಡರಿನಲ್ಲಿ ನೋಡಿದವರೇ. ನಮಗೆ ಕಂಡದ್ದು ಮೀಸೆ ಮತ್ತು ಕಣ್ಣು. ಇವನು ಮಾತ್ರ ಈಗಲೂ ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಅಂಚು ಎಷ್ಟು ಇಂಚು, ಅಳತೆ ಏಳೋ ಏಳೂ ಅರೆಕಾಲೋ ಎಂದು ಲೆಕ್ಕ ಹಾಕುತ್ತಾನೆ. ಆ ಶಾಲೆಯ ಹೆಡ್‌ಮಾಸ್ಟರು ಅವನ ತಂದೆಯೇ. ಅವರು ಹಾಕುತ್ತಿದ್ದದ್ದು ಕರಿ ಟೋಪಿ, ದಿನವೂ, ಒಂದೇ.

ಒಂದು ರಾತ್ರಿ ಉಳಿದವರೆಲ್ಲ ಮಲಗಿದ ಮೇಲೆ ಗ್ಯಾರೇಜಿನಲ್ಲಿ ಅವನು ಟೋಪಿಗಳ ಬೆವರುಪಟ್ಟಿ ಮಗುಚಿ ತೋರಿಸಿದ. ಹಿಂದೆ ಅಂಗಡಿಯವರು ಕೊಂಡವನ ಹೆಸರಿನ ಮೊದಲಕ್ಷರಗಳನ್ನು ಚರ್ಮದ ಮೇಲೆ ಚಿನ್ನದ ಬಣ್ಣದಲ್ಲಿ ಒತ್ತಿಕೊಡುತ್ತಿದ್ದರು. ಮೂರು ಮೂರು ಅಕ್ಷರ, ಕೆಲವು ಮಾಸಿವೆ. ಅವುಗಳ ಸುತ್ತ ಯಾರದೋ ತಲೆಯೆಣ್ಣೆಯ ಕಲೆ. ಒಂದರಲ್ಲಿ ಬೆವರುಪಟ್ಟಿಯ ಹಿಂದೆ ಮಡಿಸಿಟ್ಟ ಸಣ್ಣ ಕಾಗದ ಇತ್ತು, ಟೋಪಿ ಸಡಿಲವಾಗದಿರಲಿ ಎಂದು ತುರುಕಿದ್ದು. ಯಾರೋ ಮನುಷ್ಯ ಮುದುಕನಾಗುತ್ತ ತಲೆಗೂದಲು ಉದುರಿ ಟೋಪಿ ಸಡಿಲವಾಗಿರಬೇಕು. ನಾಫ್ತಾದಲ್ಲಿ ಅದ್ದಿ ಎಷ್ಟೇ ಕಲೆ ತೆಗೆದರೂ ಅಕ್ಷರ ಇರುವ ಜಾಗವನ್ನು ಇವನು ಮುಟ್ಟುವುದಿಲ್ಲ, ಆ ಕಾಗದವನ್ನೂ ಮತ್ತೆ ಅಲ್ಲೇ ಇಟ್ಟಿದ್ದಾನೆ. ಮಾರುವವರೆಲ್ಲ ಬಹುತೇಕ ಮಕ್ಕಳು, ಮೊಮ್ಮಕ್ಕಳು. ಮನೆ ಖಾಲಿ ಮಾಡುವ ಅವಸರದಲ್ಲಿ ಅಪ್ಪನ ತಲೆಯ ಅಳತೆಯನ್ನು ಮೊದಲ ಸಲ ಟೇಪು ಹಿಡಿದು ನೋಡಿದವರು. "ನಿಮ್ಮ ತಂದೆಯ ಕರಿ ಟೋಪಿ ಎಲ್ಲಿದೆ?" ಎಂದು ಕೇಳಿದೆ. ಊರಿನ ಮನೆ ಮಾರುವಾಗ ಗುಜರಿಗೆ ಹೋಯಿತು ಎಂದ. ಅಳತೆ? ಗೊತ್ತಿಲ್ಲ ಎಂದ. ಬೀದಿಯಲ್ಲಿ ಹೋಗುವವರ ತಲೆಯನ್ನೆಲ್ಲ ಅರೆಕಾಲಿನ ತನಕ ಹೇಳುವವನು ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಎದ್ದು ಬ್ರಷ್ ತೆಗೆದುಕೊಂಡು ಯಾವುದೋ ಟೋಪಿಯ ಧೂಳು ಹೊಡೆಯತೊಡಗಿದ. ಆ ಟೋಪಿಯ ಮೇಲೆ ಧೂಳಿರಲಿಲ್ಲ.

ಕೆಲವು ತಿಂಗಳ ಹಿಂದೆ ಅವನಿಗೆ ಕೊನೆಗೂ ಏಳೂ ಮುಕ್ಕಾಲಿನ ಒಂದು ಸ್ಟೆಟ್ಸನ್ ಸಿಕ್ಕಿತು. ಕೊಟ್ಟ ಬೆಲೆಯನ್ನು ನಾದಿನಿಗೆ ಇನ್ನೂ ಹೇಳಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ಹಾಕಿಕೊಂಡು ಕನ್ನಡಿ ಮುಂದೆ ಬಹಳ ಹೊತ್ತು ನಿಂತ. ಎಡಕ್ಕೆ ಓರೆ ಮಾಡಿದ, ಬಲಕ್ಕೆ ಮಾಡಿದ, ಅಂಚು ಇಳಿಸಿದ, ಎತ್ತಿದ. ತೆಗೆದು ಮೇಜಿನ ಮೇಲೆ ಇಟ್ಟ. "ಹಾಕ್ಕೊಂಡ ಮೇಲೆ ಟೋಪಿ ಕಾಣೋದೇ ಇಲ್ಲ ಭಾವ, ನಾನೇ ಕಾಣ್ತೀನಿ," ಎಂದ. ಮಾರನೇ ವಾರವೇ ಅದನ್ನು ಹರಾಜಿಗೆ ಹಾಕಿದ. ನಷ್ಟಕ್ಕೇ ಹೋಯಿತು.

ಮುಂದಿನ ಭಾನುವಾರ ಇಟಲಿಯ ಅಲೆಸಾಂಡ್ರಿಯದ ಒಂದು ಹಳೇ ಬೋರ್ಸಲಿನೋ ಹರಾಜು ಮುಗಿಯುತ್ತದೆ. ಕಡುಗಂದು ಬಣ್ಣ, ನುಸಿ ತಿಂದಿಲ್ಲ, ರಿಬ್ಬನ್ ಮೂಲದ್ದೇ. ಅಳತೆ 57. ಶಾಸ್ತ್ರಿಗಳಿಗೂ ಸರಿಹೋಗುವ ಅಳತೆ, ಅವರಿಗೆ ಸುದ್ದಿ ಮುಟ್ಟಿಸಬೇಡ ಎಂದು ಷಡ್ಡಕನಿಗೆ ತಾಕೀತು ಮಾಡಿದ್ದೇನೆ. ಬೆಲೆ ಮೇಲೆ ಹೋದರೆ ಅರ್ಧ ನನ್ನದು ಎಂದೂ ಹೇಳಿದ್ದೇನೆ. ಪಾರ್ಸೆಲ್ ಮಾತ್ರ ಅವನ ಮನೆ ವಿಳಾಸಕ್ಕೇ ಬರಬೇಕು.