ಸ್ಯಾಚುರೇಶನ್ ರಾಯರು

ನಿಸರ್ಗಕ್ಕೆ ಬಣ್ಣ ಸಾಲದು ಎಂಬ ದೂರು ರಾಯರಿಗೆ ಮೊದಲು ಇರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾಗಿ, ಗ್ರಾಚ್ಯುಟಿಯಲ್ಲಿ ಒಂದು ಪಾಲು ಕ್ಯಾಮೆರಾಕ್ಕೆ ಹೋಗಿ, ರಜಕ್ಕೆ ಬಂದ ಮಗ ಅಮೆರಿಕಕ್ಕೆ ವಾಪಸು ಹೊರಡುವ ಮುನ್ನ ಲ್ಯಾಪ್‌ಟಾಪಿಗೆ ಲೈಟ್‌ರೂಮ್ ಹಾಕಿಕೊಟ್ಟ ಮೇಲೆ ಅದು ಶುರುವಾಯಿತು. ಈಗ ಅವರ ಕಣ್ಣಿಗೆ ಯಾವ ಗುಡ್ಡವೂ ಸಾಕಷ್ಟು ಹಸಿರಿಲ್ಲ, ಯಾವ ಆಕಾಶವೂ ಸಾಕಷ್ಟು ನೀಲಿಯಿಲ್ಲ.

ಇಂಥವರೊಬ್ಬರು ನಿಮ್ಮ ಬಡಾವಣೆಯಲ್ಲೂ ಇರುತ್ತಾರೆ. ಬೆಳಗ್ಗೆ ವಾಟ್ಸಾಪಿಗೆ ಬರುವ ಚಿತ್ರದಲ್ಲಿ ಭತ್ತದ ಗದ್ದೆ ಪಿಸ್ತಾ ಬರ್ಫಿಯ ಬಣ್ಣಕ್ಕಿದ್ದು, ಗುಡ್ಡದ ಅಂಚಿಗೆ ಬೆಳ್ಳನೆಯ ಪ್ರಭಾವಳಿ ಮೂಡಿದ್ದರೆ ಅವರೇ ಎಂದು ತಿಳಿಯಿರಿ. ಮೂಲೆಯಲ್ಲಿ ಓರೆ ಅಕ್ಷರದಲ್ಲಿ ಅವರ ಹೆಸರೂ ಇರುತ್ತದೆ. ಯಾರಾದರೂ ಕದ್ದರೆ?

ಲೈಟ್‌ರೂಮಿನ ಬಲಬದಿಯಲ್ಲಿ ಸ್ಲೈಡರುಗಳ ಸಾಲಿದೆಯಲ್ಲ, ಎಕ್ಸ್‌ಪೋಶರ್, ಕಾಂಟ್ರಾಸ್ಟ್, ಹೈಲೈಟ್ಸ್, ಶಾಡೋಸ್ ಎಂದು, ಎಲ್ಲವೂ ಸೊನ್ನೆಯಲ್ಲಿ ನಿಂತಿರುತ್ತವೆ. ಸೊನ್ನೆ ಬ್ಯಾಲೆನ್ಸ್ ಎಂದರೆ ರಾಯರಿಗೆ ಸರ್ವೀಸಿನಲ್ಲಿದ್ದಾಗಿನಿಂದಲೂ ಆಗದು. ಒಂದೊಂದನ್ನೂ ಬಲಕ್ಕೆ ತಳ್ಳಿದ ಮೇಲೆಯೇ ಅವರಿಗೆ ಸಮಾಧಾನ. ವೈಬ್ರನ್ಸ್ ಸಪ್ಪೆ ಬಣ್ಣಗಳನ್ನು ಹೆಚ್ಚಾಗಿ ಎತ್ತುತ್ತದೆ, ಸ್ಯಾಚುರೇಶನ್ ಎಲ್ಲ ಬಣ್ಣಗಳನ್ನೂ ಒಂದೇ ಸಮ ಎತ್ತುತ್ತದೆ, ಅದನ್ನು ಹುಷಾರಾಗಿ ಬಳಸಬೇಕು ಎಂದು ಮಗ ಫೋನಿನಲ್ಲಿ ವಿವರಿಸಿದ. "ಎಲ್ಲರಿಗೂ ಒಂದೇ ರೇಟು ಅಂದ್ರೆ ಅದೇ ನ್ಯಾಯ ಅಲ್ವೇನೋ" ಎಂದು ರಾಯರು ಸ್ಯಾಚುರೇಶನ್ನನ್ನೇ ಹಿಡಿದರು.

ಅವರಿಗೆ ಏನೂ ಗೊತ್ತಿಲ್ಲ ಅಂದುಕೊಳ್ಳಬೇಡಿ. ಹೊಸಬರು ಕಣ್ಣೆತ್ತಿಯೂ ನೋಡದ ಹಿಸ್ಟೋಗ್ರಾಮನ್ನು ಅವರು ಮೊದಲ ವಾರವೇ ಅರಗಿಸಿಕೊಂಡರು. ಗೆರೆ ಎಡಗೋಡೆಗೆ ಒತ್ತಿದರೆ ಕಪ್ಪಿನಲ್ಲಿ ವಿವರ ಹೋಯಿತು, ಬಲಗೋಡೆಗೆ ಒತ್ತಿದರೆ ಬಿಳುಪಿನಲ್ಲಿ ಹೋಯಿತು, ಅಷ್ಟೇ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್‌ನ ರಾ ಫೈಲಿನಲ್ಲಿ 16,384 ಎಂದು ಕೇಳಿದ ದಿನವೇ ರಾಗೆ ಬದಲಾಯಿಸಿದರು. ಅಷ್ಟೂ ಮೆಟ್ಟಿಲು ಹತ್ತಿಳಿದು ತಯಾರಾದ ಚಿತ್ರವನ್ನು ಕೊನೆಗೆ ಕಳಿಸುವುದು ವಾಟ್ಸಾಪಿನಲ್ಲಿ. ಅದು ಎಲ್ಲವನ್ನೂ ಹಿಂಡಿ ಹಿಪ್ಪೆ ಮಾಡಿಯೇ ಮುಟ್ಟಿಸುತ್ತದೆ.

ಅವರನ್ನು ಕೆಡಿಸಿದ್ದು ಡಿಹೇಜ್. ಅಡೋಬಿಯವರು 2015ರಲ್ಲಿ ತಂದ ಈ ಸ್ಲೈಡರಿನ ಕಸುಬೇ ಚಿತ್ರದಲ್ಲಿನ ಮಬ್ಬು ತೆಗೆಯುವುದು. ಮಂಜು ನೋಡಬೇಕೆಂದು ಹೆಂಡತಿಯನ್ನು ಚಿಕ್ಕಮಗಳೂರಿನ ಲಾಡ್ಜಿನಲ್ಲಿ ನಾಲ್ಕು ಗಂಟೆಗೆ ಎಬ್ಬಿಸಿ, ಹಲ್ಲು ಕಟಕಟಿಸುತ್ತ ಮುಳ್ಳಯ್ಯನಗಿರಿ ಹತ್ತಿಸಿದ್ದ ರಾಯರು, ಮನೆಗೆ ಬಂದು ಅದೇ ಮಂಜಿನ ಮೇಲೆ ಡಿಹೇಜನ್ನು ನೂರಕ್ಕೆ ಎಳೆದರು.

"ರೀ, ಮಂಜೆಲ್ಲಿ?"

"ತೆಗೆದೆ."

ದೂರದ ಬೆಟ್ಟ ಮಸುಕಾಗಿ ಕಂಡರೆ ತಾನೆ ಅದು ದೂರವಿದೆಯೆಂದು ಕಣ್ಣು ನಂಬುವುದು? ಪದರಪದರವಾಗಿ ಹಿಂದೆ ಸರಿದಿದ್ದ ಬೆಟ್ಟಗಳೆಲ್ಲ ಈಗ ಮುಂದಕ್ಕೆ ಬಂದು ಒಂದೇ ಸಾಲಿನಲ್ಲಿ ಹಾಜರಿ ಹಾಕಿದವು. ಜೊತೆಗೆ, ಮಂಜು ಮುಚ್ಚಿಟ್ಟಿದ್ದ ಜೀಪುಗಳೂ ಒಂದೊಂದಾಗಿ ಹೊರಬಿದ್ದವು. ಅವನ್ನು ಅಳಿಸಲೆಂದು ರಾಯರು ಹೀಲಿಂಗ್ ಬ್ರಷ್ ಕಲಿತರು. ಮೊದಲು ಜೀಪು, ಆಮೇಲೆ ಕರೆಂಟು ತಂತಿ, ಆಮೇಲೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಹುಡುಗರು. ಒರೆಸುವ ಚಟ ಒಮ್ಮೆ ಅಂಟಿದರೆ ಕೈ ನಿಲ್ಲುವುದಿಲ್ಲ.

ಯಾರಾದರೂ ಆಕ್ಷೇಪಿಸಿದರೆ ಆನ್ಸೆಲ್ ಆಡಮ್ಸ್ ಬರುತ್ತಾನೆ. 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ತೆಗೆದ ಮಹಾನುಭಾವ. ವರ್ಷಗಳು ಕಳೆದಂತೆ ಡಾರ್ಕ್‌ರೂಮಿನಲ್ಲಿ ಆ ಆಕಾಶವನ್ನು ಇನ್ನಷ್ಟು ಮತ್ತಷ್ಟು ಕಪ್ಪು ಮಾಡುತ್ತ ಹೋದ. "ಅವನು ಮಾಡಬಹುದು, ನಾನು ಮಾಡಬಾರದೋ?" ಎನ್ನುತ್ತಾರೆ ರಾಯರು. ಅವತ್ತು ಲೈಟ್ ಮೀಟರ್ ಕೈಗೆ ಸಿಗದೆ, ಚಂದ್ರನ ಪ್ರಕಾಶ ಎಷ್ಟೆಂದು ನೆನಪಿನಿಂದಲೇ ಲೆಕ್ಕ ಹಾಕಿ, ಬೆಳಕು ಜಾರುವ ಮುನ್ನ ಒಂದೇ ಒಂದು ನೆಗೆಟಿವ್ ತೆಗೆದ ಎಂಬ ಭಾಗವನ್ನು ಮಾತ್ರ ಅವರು ಹೇಳುವುದಿಲ್ಲ. ಜೋಗದಲ್ಲಿ ಇವರು ಒಂದು ಕಾರ್ಡು ಪೂರ್ತಿ ತುಂಬಿಸಿದ್ದರು.

ಆ ಜೋಗದ ಚಿತ್ರವನ್ನು ಸಾಗರದಿಂದ ಬಂದ ಭಾವಮೈದನಿಗೆ ತೋರಿಸಿದಾಗ ನಾನೂ ಅಲ್ಲಿದ್ದೆ. ತೆಗೆದದ್ದು ಬೇಸಿಗೆಯಲ್ಲಿ. ಮೇಲೆ ಲಿಂಗನಮಕ್ಕಿಯಲ್ಲಿ ನೀರು ನಿಂತುಬಿಟ್ಟಿರುತ್ತದೆ. 830 ಅಡಿಯಿಂದ ಬೀಳಬೇಕಾದ ಶರಾವತಿ ಆಗ ನೂಲಿನ ಎಳೆ. ಆದರೂ ರಾಯರ ಪರದೆಯ ಮೇಲೆ ಬಂಡೆ ಕೆಂಪಗೆ ಕಾದಿತ್ತು, ಕಣಿವೆ ಹಸಿರು ಉಗುಳುತ್ತಿತ್ತು. ಭಾವಮೈದ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದ.

"ಭಾವ, ಇದು ಎಲ್ಲಿ ತೆಗೆದಿದ್ದು?"

"ಜೋಗ ಕಣಯ್ಯಾ! ನಿಮ್ಮೂರಿನದೇ ಗುರುತು ಸಿಗಲಿಲ್ವೇ?"

"ರಾಜ ಇದೆ. ರೋರರ್ ಇದೆ. ಆ ಕಡೆ ರಾಣಿ ಇದೆ. ರಾಕೆಟ್ ಎಲ್ಲಿ?"

ರಾಯರು ಒಂದು ಕ್ಷಣ ತಡೆದರು. "ನಡುವೆ ಸಣ್ಣಗೆ ಒಂದು ಬಿಳಿ ಗೆರೆ ಇತ್ತು. ಗೀರು ಅಂದುಕೊಂಡು ತೆಗೆದುಬಿಟ್ಟೆ."

ವಾಪಸು ತರುವುದೇನೂ ಕಷ್ಟವಿರಲಿಲ್ಲ. ಲೈಟ್‌ರೂಮ್ ಮೂಲ ಫೈಲನ್ನು ಮುಟ್ಟುವುದೇ ಇಲ್ಲ, ನಾವು ಮಾಡಿದ ತಿದ್ದುಪಡಿಗಳ ಪಟ್ಟಿಯನ್ನು ಬೇರೆಯಾಗಿ ಬರೆದಿಟ್ಟುಕೊಳ್ಳುತ್ತದೆ. ರೀಸೆಟ್ ಒತ್ತಿದರೆ ಜೋಗ ಇದ್ದಂತೆ ಇರುತ್ತದೆ. ನಾನು ಹಾಗೆಂದೆ. "ಒಂದು ಎಂಟ್ರಿ ತಪ್ಪಿದ್ದಕ್ಕೆ ಇಡೀ ದಿನದ ಲೆಜರ್ ಹರೀತಾರೇನ್ರೀ?" ಎಂದು ರಾಯರು ಗದರಿದರು. ಬ್ರಷ್ಷನ್ನು ಹೀಲ್‌ನಿಂದ ಕ್ಲೋನ್‌ಗೆ ಬದಲಾಯಿಸಿ, ರಾಣಿಯನ್ನೇ ನಕಲು ತೆಗೆದು ಖಾಲಿ ಬಂಡೆಯ ಮೇಲೆ ಇಳಿಬಿಟ್ಟರು. ಮೊದಲನೆಯದು ತುಸು ಓರೆಯಾಯಿತೆಂದು ಪಕ್ಕದಲ್ಲಿ ಇನ್ನೊಂದನ್ನು ನೇರವಾಗಿ ಎಳೆದರು.

"ನೋಡು ಈಗ, ನಾಲ್ಕೂ ಟ್ಯಾಲಿ."

ಭಾವಮೈದ ಬೆರಳಿಟ್ಟು ಎಣಿಸಿದ. "ಐದಿದೆ, ಭಾವ."

ಕೊರತೆ ಬಂದರೆ ರಾತ್ರಿಯಿಡೀ ನಿದ್ದೆಗೆಡುತ್ತಿದ್ದ ಮನುಷ್ಯ, ಹೆಚ್ಚು ಬಂದದ್ದಕ್ಕೆ ಕಿಂಚಿತ್ತೂ ಅಳುಕಲಿಲ್ಲ. "ಇರಲಿ ಬಿಡು," ಎಂದು ಸೇವ್ ಒತ್ತಿದರು, "ಒಂದನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕಿದರಾಯ್ತು."