ಕೊಡುವವರು ನಮ್ಮ ಗಿರಾಕಿಗಳು

ಮಾಟುಂಗಾದ ಉಡುಪಿ ಹೋಟೆಲು. ಗಲ್ಲಾದಲ್ಲಿ ಮಾವ, ಎದುರಿಗೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ನೌಕರಿ ಮಾಡುವ ಅಳಿಯ.

"ನಿನ್ನದು ಎಂತ ಕೆಲಸ ಮಾರಾಯ?"

"ಆಫ್ರಿಕಾಕ್ಕೆ ಹೋಗುವ ಕಂಪನಿಗಳಿಗೆ ಅಲ್ಲಿ ಯಾರ್‍ಯಾರು ಲಂಚ ತಿನ್ನುತ್ತಾರೆಂದು ಪತ್ತೆ ಮಾಡಿಕೊಡುವುದು ಮಾವ."

"ಕೊಡುವವರನ್ನು?"

"ಅವರು ನಮ್ಮ ಗಿರಾಕಿಗಳು."

(ಇನ್‌ಸ್ಪೆಕ್ಟರುಗಳನ್ನು ಸಂಭಾಳಿಸಿಯೇ ಹೋಟೆಲು ನಡೆಸಿದ ಮಾವನಿಗೆ ಈ ವಿದ್ಯೆಗೆ ಪದವಿ ಬೇಕಾಗಿರಲಿಲ್ಲ.)

"ದಕ್ಷಿಣ ಆಫ್ರಿಕಾದಲ್ಲಿ ಲಂಚದ ಆರೋಪ ಹೊತ್ತ ಆ ಗುಪ್ತಾ ಸಹೋದರರು?"

"ಸಹಾರನ್‌ಪುರದವರು. 2013ರಲ್ಲಿ ಅವರ ಮನೆ ಮದುವೆಯ ದಿಬ್ಬಣದ ವಿಮಾನ ದಕ್ಷಿಣ ಆಫ್ರಿಕಾದ ವಾಯುಪಡೆಯ ನೆಲೆಯಲ್ಲೇ ಇಳಿಯಿತು."

"ಇಲ್ಲಿ ದಿಬ್ಬಣದ ಬಸ್ಸು ರಸ್ತೆಬದಿ ನಿಲ್ಲಿಸಲಿಕ್ಕೂ ಬಿಡುವುದಿಲ್ಲ!"

"ಅಲ್ಲಿನ ದೊಡ್ಡ ಬ್ಯಾಂಕುಗಳು ಅವರನ್ನು ಕೈಬಿಟ್ಟ ಮೇಲೂ ಖಾತೆ ಇಟ್ಟುಕೊಂಡದ್ದು ಬ್ಯಾಂಕ್ ಆಫ್ ಬರೋಡಾ. 2018ರಲ್ಲಿ ಅದೂ ಆ ದೇಶ ಬಿಟ್ಟಿತು."

"ಮರುವರ್ಷವೇ ನಮ್ಮ ವಿಜಯಾ ಬ್ಯಾಂಕನ್ನು ಅದಕ್ಕೆ ಸೇರಿಸಿದರಲ್ಲ! ಅದರ ರಿಸ್ಕ್ ರಿಪೋರ್ಟು ಬರೆದದ್ದು ಯಾರು?"

ಅಳಿಯ ಕಾಫಿಗೆ ಇನ್ನಷ್ಟು ಸಕ್ಕರೆ ಹಾಕಿಕೊಂಡ.

"ಇರಲಿ. ಹೊರದೇಶದ ಅಧಿಕಾರಿಗೆ ಲಂಚ ಕೊಟ್ಟರೆ ಶಿಕ್ಷೆ ಉಂಟೋ?"

"ಅಮೆರಿಕದಲ್ಲಿ 1977ರಿಂದಲೇ ಕಾನೂನಿದೆ. ಬ್ರಿಟನ್ನಿನದು 2010ರದ್ದು."

"ನಮ್ಮಲ್ಲಿ?"

"2011ರಲ್ಲಿ ಲೋಕಸಭೆಯಲ್ಲಿ ಮಸೂದೆ ಮಂಡಿಸಿದರು. 2014ರಲ್ಲಿ ಸದನದ ಅವಧಿ ಮುಗಿಯಿತು, ಮಸೂದೆಯೂ ಬಿದ್ದುಹೋಯಿತು."